ಎರಡು ಗಾಡಿ ಡಿಕ್ಕಿ ಹೊಡೆದಾಗ ಪರಿಹಾರ ಕೊಡಬೇಕಾದವರು ಯಾರು?

ಬಸ್ಸಿಗೂ ಲಾರಿಗೂ ಮುಖಾಮುಖಿ ಡಿಕ್ಕಿಯಾಗಿ, ಕಿಟಕಿ ಪಕ್ಕ ಕೂತಿದ್ದ ಪ್ರಯಾಣಿಕನ ಕಾಲು ಮುರಿಯಿತು ಎನ್ನೋಣ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ 10 ಲಕ್ಷ ರೂಪಾಯಿ ನಿಗದಿ ಮಾಡಿತು. ಬಸ್ ಚಾಲಕನ ತಪ್ಪು ಶೇ 60, ಲಾರಿ ಚಾಲಕನದು ಶೇ 40 ಎಂದಿತು. ಹಾಗಾದರೆ ಪ್ರಯಾಣಿಕ ಆರು ಲಕ್ಷ ಒಬ್ಬರಲ್ಲಿ, ನಾಲ್ಕು ಲಕ್ಷ ಇನ್ನೊಬ್ಬರಲ್ಲಿ ಕೇಳುತ್ತ ಅಲೆಯಬೇಕೇ?

ಬೇಕಿಲ್ಲ. ಪೂರ್ತಿ 10 ಲಕ್ಷವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲು ಮಾಡಬಹುದು ಎಂದು 2015ರ ಖೆನ್ಯೇಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶೇಕಡಾವಾರು ಲೆಕ್ಕವೆಲ್ಲ ತಪ್ಪು ಮಾಡಿದವರಿಬ್ಬರ ನಡುವಿನದು. ಬಸ್ಸಿನ ವಿಮಾ ಕಂಪನಿ ಪೂರ್ತಿ ಕಟ್ಟಿದರೆ, ನಾಲ್ಕು ಲಕ್ಷವನ್ನು ಲಾರಿಯ ಕಡೆಯಿಂದ ವಾಪಸ್ ಪಡೆಯುತ್ತದೆ. ಇದು ನ್ಯಾಯವೇ ಸರಿ. ಗಾಯಾಳುವಿಗೆ ಚಿಕಿತ್ಸೆಯ ಬಿಲ್ ಕಂತಿನಲ್ಲಿ ಬರುವುದಿಲ್ಲ.

ಗಾಯಗೊಂಡವನು ಬಸ್ ಚಾಲಕನೇ ಆಗಿದ್ದರೆ ಲೆಕ್ಕ ಬೇರೆ. ಅವನ ಪಾಲಿನ ತಪ್ಪಿಗೆ ತಕ್ಕಂತೆ ಅವನ ಪರಿಹಾರದಲ್ಲಿ ಶೇ 60 ಕಡಿತವಾಗುತ್ತದೆ. 2008ರ ಟಿ.ಒ. ಆಂಟನಿ ತೀರ್ಪು ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದೆ. ಗಾಯಾಳುವಿನ ತಪ್ಪಿನ ಜೊತೆ ಬೇರೆ ಇಬ್ಬರ ತಪ್ಪೂ ಸೇರಿಕೊಂಡರೆ? ಗಾಯಗೊಂಡ ಬೈಕ್ ಸವಾರನ ತಪ್ಪು ಶೇ 20, ಕಾರಿನದು 50, ಟೆಂಪೊದ್ದು 30 ಎನ್ನಿ. 10 ಲಕ್ಷದಲ್ಲಿ ಮೊದಲು ಸವಾರನ ಎರಡು ಲಕ್ಷ ಕಳೆಯಬೇಕು. ಉಳಿದ ಎಂಟು ಲಕ್ಷವನ್ನು ಆತ ಯಾರಿಂದಾದರೂ ಪಡೆಯಬಹುದು. ಕಾರಿನವರು ಅಷ್ಟನ್ನೂ ಕೊಟ್ಟರೆ, ಟೆಂಪೊದಿಂದ ಅವರಿಗೆ ಬರಬೇಕಾದದ್ದು ಮೂರು ಲಕ್ಷ.

ಪಾಲು ನಿರ್ಧಾರವಾಗುವುದು ಸಾಕ್ಷ್ಯದ ಮೇಲೆ: ಸ್ಥಳ ಮಹಜರು, ಪೊಲೀಸರ ನಕ್ಷೆ, ವಾಹನ ತಪಾಸಣಾ ವರದಿ. ಟೈರಿನ ಗುರುತು ರಸ್ತೆಯ ಯಾವ ಬದಿಯಲ್ಲಿದೆ, ಯಾವ ಗಾಡಿಯ ಯಾವ ಮೂಲೆ ನುಜ್ಜುಗುಜ್ಜಾಗಿದೆ ಎಂಬುದರ ಮೇಲೆಯೇ ಲಕ್ಷಗಳು ಆಚೀಚೆ ಆಗುತ್ತವೆ.

ಎರಡೂ ಕಡೆಯವರು ಪ್ರಕರಣದಲ್ಲಿ ಪ್ರತಿವಾದಿಗಳಾಗಿದ್ದು, ಸಾಕ್ಷ್ಯವೂ ಸಾಕಷ್ಟಿದ್ದರೆ ನ್ಯಾಯಮಂಡಳಿಯೇ ಪಾಲು ಗೊತ್ತುಮಾಡಬಹುದು; ಹಣ ಕಟ್ಟಿದವರು ಜಾರಿ ಅರ್ಜಿಯಲ್ಲೇ ಇನ್ನೊಬ್ಬರಿಂದ ವಸೂಲು ಮಾಡಬಹುದು. ಲಾರಿಯವರನ್ನು ಪ್ರತಿವಾದಿ ಮಾಡದೆ ಬಿಟ್ಟಿದ್ದರೆ ಬಸ್ಸಿನವರು ಆಮೇಲೆ ಬೇರೆ ದಾವೆ ಹೂಡಬೇಕು. ಆ ತಾಪತ್ರಯ ಗಾಯಾಳುವಿನದಲ್ಲ. “ನಮ್ಮ ಪಾಲು ಅರ್ಧ ಮಾತ್ರ” ಎಂದು ವಿಮಾ ಕಂಪನಿ ಹೇಳಿದರೆ, ಪ್ರಯಾಣಿಕರೇ, ಅರ್ಧ ದುಡ್ಡಿಗೆ ರಾಜಿಪತ್ರಕ್ಕೆ ಸಹಿ ಹಾಕಬೇಡಿ.