ಕಿಡಿಯ ಗುರುತು ಹಿಡಿಯುವ ಬ್ರೇಕರ್

ಮಂಚದ ಕಾಲಿಗೆ ಸಿಕ್ಕಿ ರೂಮ್ ಹೀಟರಿನ ವೈರು ಜಜ್ಜಿದೆ ಎನ್ನಿ. ಹೊರಗೆ ಕಾಣುವುದು ಒಂದು ಸಣ್ಣ ತಗ್ಗು. ಒಳಗೆ ತಾಮ್ರದ ಎಳೆಗಳು ತುಂಡಾಗಿ ಕೂದಲೆಳೆಯಷ್ಟು ಸಂದು ಬಿದ್ದಿದೆ. ಕರೆಂಟು ಆ ಸಂದನ್ನು ಕಿಡಿಯಾಗಿ ದಾಟುತ್ತದೆ. ಸಾವಿರಾರು ಡಿಗ್ರಿ ಬಿಸಿಗೆ ಸುತ್ತಲಿನ ಪ್ಲಾಸ್ಟಿಕ್ ಕರಕಲಾಗುತ್ತದೆ. ಆ ಕರಕಲು ತಾನೇ ಕರೆಂಟು ಹಾಯಿಸತೊಡಗಿ ಕಿಡಿಯ ದಾರಿ ಸಲೀಸಾಗುತ್ತದೆ. ಇಷ್ಟಾದರೂ ಎಂಸಿಬಿ ಟ್ರಿಪ್ ಆಗುವುದಿಲ್ಲ. ಓವರ್‌ಲೋಡ್ ಆಗಲಿ, ಷಾರ್ಟ್ ಸರ್ಕ್ಯೂಟ್ ಆಗಲಿ, ಕರೆಂಟು ಮಿತಿ ಮೀರಿದರಷ್ಟೇ ಅದಕ್ಕೆ ಎಚ್ಚರ. ಇಲ್ಲಿ ಹತ್ತು ಆಂಪಿಯರ್ ಎಳೆಯುತ್ತಿದ್ದ ಹೀಟರು ಕಿಡಿಯ ಅಡ್ಡಿಯಿಂದ ತುಸು ಕಡಿಮೆಯನ್ನೇ ಎಳೆಯುತ್ತಿರುತ್ತದೆ. ಹೋದ ಕರೆಂಟೆಲ್ಲ ನ್ಯೂಟ್ರಲ್‌ನಲ್ಲಿ ವಾಪಸು ಬರುವುದರಿಂದ, ಸೋರಿಕೆ ಹುಡುಕುವ ಆರ್‌ಸಿಸಿಬಿಯೂ ತೆಪ್ಪಗಿರುತ್ತದೆ.

ಹಾಗಾದರೆ ನೋಡಬೇಕಾದದ್ದು ಕರೆಂಟಿನ ಪ್ರಮಾಣವನ್ನಲ್ಲ, ಅದರ ಆಕಾರವನ್ನು. ಇಂಥ ಕಿಡಿಗೆ ಕಾವಲು ಕಡ್ಡಾಯ ಮಾಡಿರುವ ಅಮೆರಿಕದಲ್ಲಿ 60 ಹರ್ಟ್ಸ್ ವಿದ್ಯುತ್ತು ಸೆಕೆಂಡಿಗೆ 120 ಸಲ ಸೊನ್ನೆಗೆ ಇಳಿಯುತ್ತದೆ. ಇಳಿದಾಗಲೆಲ್ಲ ಕಿಡಿ ಆರುತ್ತದೆ, ವೋಲ್ಟೇಜು ಸಾಕಷ್ಟು ಏರಿದ ಮೇಲೆ ಮತ್ತೆ ಹೊತ್ತುತ್ತದೆ. ಅಲೆಯಲ್ಲಿ ಅಲ್ಲೊಂದು ಚಪ್ಪಟೆ ಮೆಟ್ಟಿಲು ಮೂಡುತ್ತದೆ, ಜೊತೆಗೆ ಗೊರಗೊರ ಎನ್ನುವಂಥ ಅಧಿಕ ಆವರ್ತನದ ಗದ್ದಲ. ಕಿಡಿ ಹಿಡಿಯಲೆಂದೇ ಇರುವ ಎಎಫ್‌ಸಿಐ ಬ್ರೇಕರಿನೊಳಗಿನ ಚಿಪ್ ಈ ಗುರುತನ್ನೇ ಹುಡುಕುತ್ತದೆ.

ಅಮೆರಿಕದ ವೈರಿಂಗ್ ನಿಯಮಾವಳಿಯಾದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. ಅದರ 1999ರ ಆವೃತ್ತಿ ಈ ಬ್ರೇಕರನ್ನು ಮಲಗುವ ಕೋಣೆಯ ಸಾಕೆಟ್‌ಗಳಿಗೆ ಮಾತ್ರ ಕೇಳಿತು, ಅದೂ 2002ರ ಜನವರಿಯಿಂದ. ಆಗಿನ ಬ್ರೇಕರುಗಳು ಮುಖ್ಯವಾಗಿ ಎರಡು ವೈರುಗಳ ನಡುವಿನ ದೊಡ್ಡ ಕಿಡಿಯನ್ನು ಹಿಡಿಯುವಂಥವು. ನಮ್ಮ ಹೀಟರಿನ ಕಿಡಿ ಅವುಗಳ ಕಣ್ಣಿಗೂ ಬೀಳುತ್ತಿರಲಿಲ್ಲ. 5 ಆಂಪಿಯರಿನ ಕಿಡಿಯನ್ನೂ ಹಿಡಿಯುವ ಬಗೆಯನ್ನು 2005ರ ಕೋಡ್ ಕೇಳಿತು, ಅದಕ್ಕೆ 2008ರವರೆಗೆ ಗಡುವು ಕೊಟ್ಟಿತು. ವೈರು ಜಜ್ಜುವುದು ಮಂಚದಡಿ ಮಾತ್ರವಲ್ಲವಲ್ಲ: 2008ರ ಆವೃತ್ತಿಯಲ್ಲಿ ಹಾಲ್, ಊಟದ ಕೋಣೆ, ಕಾರಿಡಾರ್ ಸೇರಿದವು, 2014ರಲ್ಲಿ ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಜಾಗ. ನಿಯಮ ಕೋಣೆಯಿಂದ ಕೋಣೆಗೆ ಹಬ್ಬಿದ್ದು ಅತಿರೇಕವಲ್ಲ, ಮೊದಲ ತರ್ಕವನ್ನೇ ಪೂರ್ತಿಗೊಳಿಸಿದ್ದು.

ಆಕ್ಷೇಪಗಳು ಹಗುರವಲ್ಲ. ವ್ಯಾಕ್ಯೂಮ್ ಕ್ಲೀನರಿನ ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಕಿಡಿ ಹಾರಿಸುವುದು ಸಹಜ; ಬ್ರೇಕರ್ ಅದನ್ನೂ ಕಳ್ಳನೆಂದು ಹಿಡಿದರೆ, ಬೇಸತ್ತ ಮನೆಯವರು ಅದನ್ನು ಕಿತ್ತು ಮಾಮೂಲಿಯದನ್ನೇ ಹಾಕಿಸುತ್ತಾರೆ. ಇದು ಚಿಪ್ಪಿನ ತೀರ್ಮಾನವನ್ನು ತಿದ್ದಲು ಕಾರಣ, ನಿಯಮ ಕೈಬಿಡಲು ಅಲ್ಲ. ಬೆಲೆ ಸಾಧಾರಣ ಬ್ರೇಕರಿನ ಹಲವು ಪಟ್ಟು ಎಂಬುದೂ ನಿಜ; ಕೆಲವು ರಾಜ್ಯಗಳು ಕೋಡನ್ನು ತಿದ್ದಿಯೇ ಒಪ್ಪಿಕೊಳ್ಳುತ್ತವೆ. ಎಲ್ಲಕ್ಕಿಂತ ಗಟ್ಟಿಯಾದ ತಕರಾರು ಬೇರೆ: ಇನ್ಸುಲೇಷನ್ ಸೀಳಿರುವುದು ಹಳೆಯ ಮನೆಗಳಲ್ಲಿ, ನಿಯಮ ಬಿಗಿಯಾಗಿರುವುದು ಹೊಸ ಮನೆಗಳಿಗೆ. 2011ರಿಂದ ಹಳೆಯ ಮನೆಯ ವೈರಿಂಗ್ ಬದಲಿಸಿದಾಗ, ಮುಂದಕ್ಕೆ ಎಳೆದಾಗಲೂ ರಕ್ಷಣೆ ಕಡ್ಡಾಯವಾಯಿತು. ಆದರೆ ಯಾರೂ ಮುಟ್ಟದ ಮನೆ ಇಂದಿಗೂ ಹೊರಗೇ ಉಳಿದಿದೆ. ಈ ಕೊರತೆ ಒಪ್ಪತಕ್ಕದ್ದೇ. ಆದರೂ ಗೋಡೆಯೊಳಗೆ ಹೂತ ವೈರನ್ನು ಮಾಲೀಕರು ಬದಲಾದರೂ ಬದಲಿಸುವವರಿಲ್ಲ. ಇಂದು ಎಳೆಯುವ ವೈರಿಗೆ ನಲವತ್ತು ವರ್ಷವಾಗುವ ಹೊತ್ತಿಗೆ, ಕಾವಲಿನ ಬ್ರೇಕರ್ ಮೊದಲ ದಿನದಿಂದಲೇ ಪೆಟ್ಟಿಗೆಯಲ್ಲಿ ಕೂತಿರುತ್ತದೆ.