ಜನ ಹೀಗೇಕೆ ನಡೆದುಕೊಳ್ಳುತ್ತಾರೆ? ಪದವಿ ತರಗತಿಯಲ್ಲಿ ವರ್ತನ ವಿಜ್ಞಾನ

ಮನುಷ್ಯರು ಒಬ್ಬೊಬ್ಬರಾಗಿ ಮತ್ತು ಗುಂಪಾಗಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಗಮನಿಸಿ, ದಾಖಲಿಸಿ, ಅಳೆಯಬಹುದಾದ ಕಡೆ ಅಳೆದು, ಹಾಗೆ ನಡೆದುಕೊಳ್ಳಲು ಕಾರಣವೇನೆಂದು ಸಾಕ್ಷ್ಯಾಧಾರಗಳಿಂದ ಪರೀಕ್ಷಿಸುವ ಅಧ್ಯಯನ ಕ್ಷೇತ್ರವೇ ವರ್ತನ ವಿಜ್ಞಾನ. ಮನೋವಿಜ್ಞಾನ ಇದರ ಮುಖ್ಯ ಆಧಾರವಾದರೂ, ಸಮಾಜಶಾಸ್ತ್ರ, ಮಾನವಶಾಸ್ತ್ರ ಮತ್ತು ಜನರ ನಿರ್ಧಾರಗಳನ್ನು ಕುರಿತ ಅರ್ಥಶಾಸ್ತ್ರದ ಭಾಗ ಕೂಡಿದಾಗಲೇ ಅದು ಪೂರ್ಣವಾಗುತ್ತದೆ. ಈ ಹೆಸರಿನ ಪ್ರತ್ಯೇಕ ಪದವಿ ಇನ್ನೂ ಕೆಲವೇ ವಿಶ್ವವಿದ್ಯಾಲಯಗಳಲ್ಲಿ ಇರುವುದರಿಂದ, ಕರ್ನಾಟಕದ ಬಹುಪಾಲು ವಿದ್ಯಾರ್ಥಿಗಳು ಮನೋವಿಜ್ಞಾನವನ್ನು ಒಂದು ವಿಷಯವಾಗಿ ಆರಿಸಿಕೊಂಡು, ಅದರ ಜೊತೆಗೆ ಸಮಾಜಶಾಸ್ತ್ರ ಅಥವಾ ಅರ್ಥಶಾಸ್ತ್ರವನ್ನು ಓದುವ ಮೂಲಕ ಈ ಕ್ಷೇತ್ರವನ್ನು ಪ್ರವೇಶಿಸುತ್ತಾರೆ. ಈ ಓದು ಎದುರಿಗಿರುವವರ ಮನಸ್ಸಿನಲ್ಲಿರುವುದನ್ನು ಹೇಳುವ ವಿದ್ಯೆಯನ್ನು ಕಲಿಸುತ್ತದೆ ಎಂಬ ತಪ್ಪು ಕಲ್ಪನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅದು ಕಲಿಸುವುದು, ಒಬ್ಬರ ನಡವಳಿಕೆಯನ್ನು ಅವರ ಸ್ವಭಾವಕ್ಕೆ ಹೊರಿಸುವ ಮೊದಲು ಅವರಿದ್ದ ಸಂದರ್ಭವನ್ನು ತಾಳ್ಮೆಯಿಂದ ನೋಡುವ ಕ್ರಮವನ್ನು.

ಈ ಶಾಸ್ತ್ರ ಕರ್ನಾಟಕಕ್ಕೆ ಹೊಸದಲ್ಲ. ಕಲ್ಕತ್ತಾ ವಿಶ್ವವಿದ್ಯಾಲಯದ ನಂತರ ದೇಶದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದದ್ದು 1924ರಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರು ಲಂಡನ್ನಿನಲ್ಲಿ, ಬುದ್ಧಿಶಕ್ತಿಯ ಮಾಪನಕ್ಕೆ ಗಣಿತದ ತಳಹದಿ ಹಾಕಿದ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಅಧ್ಯಯನ ಮಾಡಿ ಬಂದವರು. ಮೈಸೂರಿನವರೇ ಆದ ಸಮಾಜವಿಜ್ಞಾನಿ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿ, ಕಣದಲ್ಲಿ, ಜಗಲಿಯಲ್ಲಿ, ಪಂಚಾಯಿತಿಯಲ್ಲಿ ಜನ ನಡೆದುಕೊಳ್ಳುವ ಬಗೆಯನ್ನು ದಿನದಿನವೂ ಬರೆದಿಟ್ಟರು. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿರುವ ವರ್ತನ ವಿಜ್ಞಾನಗಳ ಉನ್ನತ ಅಧ್ಯಯನ ಕೇಂದ್ರದಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ, ಅವರು ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಬಳಿಕ ಮುಖ್ಯವಾಗಿ ನೆನಪನ್ನೇ ನೆಚ್ಚಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಪ್ರಯೋಗಾಲಯದ ಅಳತೆ ಮತ್ತು ಹಳ್ಳಿಯ ಜಗಲಿಯ ವೀಕ್ಷಣೆ ಎಂಬ ವರ್ತನ ವಿಜ್ಞಾನದ ಎರಡೂ ಮಾರ್ಗಗಳು ಹೀಗೆ ಹಳೆ ಮೈಸೂರಿನಲ್ಲಿಯೇ ದೊರೆಯುತ್ತವೆ.

ಪದವಿ ತರಗತಿಯಲ್ಲಿ ಈ ಶಾಸ್ತ್ರ ವಿದ್ಯಾರ್ಥಿಯ ಕೈಗೆ ಸಿಗುವುದು ಪ್ರಾಕ್ಟಿಕಲ್‌ಗಳಲ್ಲಿ. ಅವುಗಳಲ್ಲಿ ಹಳೆಯದೂ ಸರಳವೂ ಆದದ್ದು ಕನ್ನಡಿ ನೋಡಿ ಗೆರೆ ಎಳೆಯುವ ಪ್ರಯೋಗ. ಮೇಜಿನ ಮೇಲೆ ಎರಡು ಗೆರೆಗಳ ನಡುವೆ ಕಿರಿದಾದ ದಾರಿಯಿರುವ ನಕ್ಷತ್ರದ ಚಿತ್ರವನ್ನು ಇಟ್ಟು, ಅದು ನೇರವಾಗಿ ಕಾಣದಂತೆ ಅಡ್ಡ ಹಲಗೆಯೊಂದನ್ನು ನಿಲ್ಲಿಸಿ, ಎದುರಿನ ಕನ್ನಡಿಯಲ್ಲಿ ಕಾಣುವ ಬಿಂಬವನ್ನು ಮಾತ್ರ ನೋಡುತ್ತ ಪೆನ್ಸಿಲಿನಿಂದ ಆ ದಾರಿಯಲ್ಲಿ ಒಂದು ಸುತ್ತು ಬರುವಂತೆ ಪ್ರಯೋಗಕ್ಕೆ ಒಳಗಾಗುವವರಿಗೆ, ಅಂದರೆ ‘ಪ್ರಯೋಜ್ಯ’ರಿಗೆ ಹೇಳಲಾಗುತ್ತದೆ. ಕಣ್ಣು ಹೇಳುವ ದಿಕ್ಕು ಒಂದು, ಕೈ ಹೋಗಬೇಕಾದ ದಿಕ್ಕು ಇನ್ನೊಂದು ಆಗುವುದರಿಂದ ಮೊದಲ ಸುತ್ತಿನಲ್ಲಿ ಪೆನ್ಸಿಲು ಮೂಲೆಮೂಲೆಯಲ್ಲೂ ತಡವರಿಸಿ ಗೆರೆ ದಾಟುತ್ತದೆ. ಪ್ರತಿ ಸುತ್ತಿಗೆ ಹಿಡಿದ ಸಮಯವನ್ನೂ ಆದ ತಪ್ಪುಗಳನ್ನೂ ಜೊತೆಗಾರ ವಿದ್ಯಾರ್ಥಿ ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋದಂತೆ ಎರಡೂ ಕಡಿಮೆಯಾಗುತ್ತವೆ. ಆರಂಭದಲ್ಲಿ ಒಮ್ಮೆ ಅಳೆದ ಎಡಗೈಗೆ, ಬಲಗೈಯಲ್ಲಿ ಹಲವು ಸುತ್ತು ಅಭ್ಯಾಸವಾದ ಮೇಲೆ ಮತ್ತೆ ಪೆನ್ಸಿಲು ಕೊಟ್ಟರೆ, ನಡುವೆ ಪಳಗದ ಆ ಕೈಯೂ ಮೊದಲಿಗಿಂತ ಚೆನ್ನಾಗಿ ದಾರಿ ಹಿಡಿಯುತ್ತದೆ. ಇದನ್ನೇ ಕಲಿಕೆಯ ವರ್ಗಾವಣೆ ಎನ್ನುತ್ತಾರೆ. ಆದರೆ ಎಡಗೈಯ ಈ ಸುಧಾರಣೆ ಬಲಗೈಯ ಅಭ್ಯಾಸದಿಂದಲೇ ಬಂದದ್ದೆಂದು ಹೇಳಬೇಕಾದರೆ, ನಡುವೆ ಅಭ್ಯಾಸವನ್ನೇ ಮಾಡದ ಇನ್ನೊಂದು ಗುಂಪಿನ ಎಡಗೈಗಳನ್ನೂ ಎರಡು ಬಾರಿ ಅಳೆದು ಹೋಲಿಸಬೇಕು. ನಿಯಂತ್ರಿತ ಗುಂಪು ಎಂದು ಕರೆಯುವ ಈ ಹೋಲಿಕೆಯ ಗುಂಪಿಲ್ಲದೆ ಕಾರಣದ ಮಾತನ್ನು ಆಡಕೂಡದು ಎಂಬುದು ಮೊದಲ ವರ್ಷದಲ್ಲಿಯೇ ವಿದ್ಯಾರ್ಥಿ ಅರಿಯಬೇಕಾದ ಸಂಗತಿ.

ಪ್ರಯೋಗಾಲಯದಾಚೆಗೆ ಈ ಎಚ್ಚರ ಹೆಚ್ಚು ಬೇಕಾಗುತ್ತದೆ. ಬೇರೆಯವರು ಎಡವಿದಾಗ ಅದನ್ನು ಅವರ ಗುಣದೋಷವೆಂದೂ, ತಾವು ಎಡವಿದಾಗ ಪರಿಸ್ಥಿತಿಯ ಫಲವೆಂದೂ ಬಗೆಯುವುದು ಜನರ ಸಾಮಾನ್ಯ ರೂಢಿ. ಇತರರ ವಿಷಯದಲ್ಲಿ ಸಂದರ್ಭವನ್ನು ಕಡೆಗಣಿಸುವ ಈ ಒಲವಿಗೆ ಅಮೆರಿಕದ ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ‘ಮೂಲಭೂತ ಆರೋಪಣ ದೋಷ’ ಎಂಬರ್ಥದ ಹೆಸರು ಕೊಟ್ಟರು. ಕೆಲಸ ಕಳೆದುಕೊಂಡವರ ಬಗೆಗೆ ಸಮಾಜ ಆಡುವ ಮಾತುಗಳಲ್ಲಿ ಈ ದೋಷ ಎದ್ದು ಕಾಣುತ್ತದೆ. ಅದನ್ನು ಸಾಕ್ಷ್ಯದಿಂದ ಎದುರಿಸಿದ ಹಳೆಯ ಅಧ್ಯಯನವೊಂದು ವಿಯೆನ್ನಾ ಸಮೀಪದ ಮಾರಿಯೆಂತಾಲ್ ಎಂಬ ಊರಿನದು. ಇಡೀ ಊರಿಗೆ ಅನ್ನ ಕೊಡುತ್ತಿದ್ದ ಬಟ್ಟೆ ಕಾರ್ಖಾನೆ ಮುಚ್ಚಿದ ಮೇಲೆ ಮಾರಿ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಟ್ಸೈಸೆಲ್ ತಮ್ಮ ತಂಡದೊಂದಿಗೆ ಅಲ್ಲಿಗೆ ಹೋಗಿ ನಡೆಸಿದ ಅಧ್ಯಯನ 1933ರಲ್ಲಿ ಪುಸ್ತಕವಾಯಿತು. ಅವರು ಜನರ ಅಭಿಪ್ರಾಯ ಕೇಳುವುದಷ್ಟಕ್ಕೇ ನಿಲ್ಲದೆ, ಊರ ಬೀದಿಯಲ್ಲಿ ಹೆಂಗಸರೂ ಗಂಡಸರೂ ನಡೆಯುವ ವೇಗವನ್ನು ಮರೆಯಲ್ಲಿ ನಿಂತು ಅಳೆದರು, ದಿನಚರಿಯ ಹಾಳೆಗಳನ್ನು ತುಂಬಿಸಿಕೊಂಡರು, ಗ್ರಂಥಾಲಯದ ಲೆಕ್ಕ ತೆಗೆದರು. ಬಿಡುವು ಹೆಚ್ಚಾಗಿ, ಪುಸ್ತಕದ ಶುಲ್ಕವನ್ನೂ ರದ್ದು ಮಾಡಿದ್ದರೂ ಓದುವುದು ಕಡಿಮೆಯಾಗಿತ್ತು. ಮನೆಗೆಲಸ ತಪ್ಪದ ಹೆಂಗಸರಿಗಿಂತ ಗಂಡಸರು ನಿಧಾನವಾಗಿ ನಡೆದು ಮತ್ತೆಮತ್ತೆ ನಿಲ್ಲುತ್ತಿದ್ದರು. ದುಡಿಮೆ ಕೂಲಿಯ ಜೊತೆಗೆ ದಿನಕ್ಕೊಂದು ಕ್ರಮವನ್ನೂ ಕೊಡುತ್ತದೆ, ಅದು ತಪ್ಪಿದಾಗ ಕುಸಿಯುವ ಉತ್ಸಾಹವನ್ನು ಹೊರಗಿನವರು ಸೋಮಾರಿತನವೆಂದು ಓದುತ್ತಾರೆ ಎಂಬುದು ಆ ಅಧ್ಯಯನ ಎತ್ತಿ ತೋರಿದ ಸಂಗತಿ.

ಈ ಅಧ್ಯಯನವನ್ನು ಕೋಲಾರ ಜಿಲ್ಲೆಯ ವಿದ್ಯಾರ್ಥಿ ಓದುವಾಗ ಕೋಲಾರದ ಚಿನ್ನದ ಗಣಿ ನೆನಪಿಗೆ ಬಾರದೆ ಇರದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡು, 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ ಪಡೆದು, 3 ಕಿಲೋಮೀಟರಿಗೂ ಆಳಕ್ಕೆ ಇಳಿದ ಕೆಜಿಎಫ್ ಗಣಿಗಳು, ಕೊನೆಗೆ ಸಾರ್ವಜನಿಕ ವಲಯದ ಭಾರತ್ ಗೋಲ್ಡ್ ಮೈನ್ಸ್ ಕೈಯಲ್ಲಿದ್ದಾಗ 2001ರ ಫೆಬ್ರುವರಿ 28ರಂದು ಮುಚ್ಚಿದವು. ಗಣಿ ಕಾರ್ಮಿಕರ ಹಿಂದಿನ ತಲೆಮಾರುಗಳ ದುಡಿಮೆ ಮತ್ತು ಸಂಘಟನೆಯನ್ನು ಇತಿಹಾಸಕಾರ್ತಿ ಜಾನಕಿ ನಾಯರ್ 1998ರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಗ್ರಂಥದಲ್ಲಿ ಪರಿಶೀಲಿಸಿದ್ದಾರೆ. ಆದರೆ ಕೆಜಿಎಫ್ ಇನ್ನೊಂದು ಮಾರಿಯೆಂತಾಲ್ ಎಂದು ಒಮ್ಮೆಲೇ ತೀರ್ಮಾನಿಸುವಂತಿಲ್ಲ. ಇಲ್ಲಿಂದ ಬೆಂಗಳೂರಿಗೆ ರೈಲಿದೆ; ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ಬೆಳಗಿನ ಗಾಡಿ ಹತ್ತಿ ದುಡಿದು ರಾತ್ರಿ ಮರಳುವವರ ದಿನಕ್ಕೆ ಕ್ರಮವಿದೆ, ಆದರೆ ಆ ದಿನದ ಗಣನೀಯ ಭಾಗ ಪ್ರಯಾಣಕ್ಕೇ ಹೋಗುತ್ತದೆ. ನಿದ್ದೆ, ಮಕ್ಕಳ ಓದಿನ ಮೇಲಿನ ನಿಗಾ, ನೆರೆಹೊರೆಯ ಒಡನಾಟ ಇವುಗಳಲ್ಲಿ ಯಾವುದು ಇದರಿಂದ ಎಷ್ಟು ಬದಲಾಗಿದೆ ಎಂಬುದನ್ನು, ನಿತ್ಯ ಪ್ರಯಾಣಿಸುವ ಮತ್ತು ಪ್ರಯಾಣಿಸದ ಕುಟುಂಬಗಳನ್ನು ಹೋಲಿಸಿ ಪದವಿ ವಿದ್ಯಾರ್ಥಿಯೇ ಕಿರು ಯೋಜನೆಯಾಗಿ ಪರಿಶೀಲಿಸಬಹುದು.

ಇಂಥ ಸ್ಥಳೀಯ ಪ್ರಶ್ನೆಗಳಿಗೆ ಶಾಸ್ತ್ರದ ದೃಷ್ಟಿಯಿಂದಲೂ ಬೆಲೆಯಿದೆ. ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲಿ ಎತ್ತಿ ತೋರಿಸಿದಂತೆ, ಮನೋವಿಜ್ಞಾನದ ಪ್ರಮುಖ ಪತ್ರಿಕೆಗಳ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಶೇಕಡ 96ರಷ್ಟು ಮಂದಿ, ಜಗತ್ತಿನ ಜನಸಂಖ್ಯೆಯ ಶೇಕಡ 12ರಷ್ಟನ್ನು ಮಾತ್ರ ಹೊಂದಿರುವ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಅವರಲ್ಲೂ ಕಾಲೇಜು ವಿದ್ಯಾರ್ಥಿಗಳೇ ಹೆಚ್ಚು. ಅಲ್ಲಿ ಕಂಡದ್ದನ್ನು ಮನುಷ್ಯ ಸ್ವಭಾವವೆಂದು ಪಠ್ಯಪುಸ್ತಕ ಬರೆದರೆ, ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದಂಥ ಹೋಬಳಿಯ ವಿದ್ಯಾರ್ಥಿ ಅದನ್ನು ತನ್ನ ಊರಿನ ಮುಂದಿಟ್ಟು ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ. ಆಂಧ್ರ ಮತ್ತು ತಮಿಳುನಾಡಿನ ಗಡಿಗೆ ಹತ್ತಿರವಾದ, ಕನ್ನಡ, ತೆಲುಗು, ತಮಿಳು ಮೂರೂ ಬಳಕೆಯಲ್ಲಿರುವ ಈ ಭಾಗದಲ್ಲಿ ಸಂತೆಗೊಂದು, ಶಾಲೆಗೊಂದು, ಮನೆಗೊಂದು ಭಾಷೆ ಆಡುವ ಮಗುವಿನ ನೆನಪು ಮತ್ತು ಕಲಿಕೆಯನ್ನು ಒಂದೇ ಭಾಷೆಯ ಮಕ್ಕಳಿಗಾಗಿ ರೂಪಿಸಿದ ಪರೀಕ್ಷೆಯಿಂದ ಅಳೆದರೆ ಸಿಗುವ ಅಂಕ ಮಗುವಿನ ಬುದ್ಧಿಯನ್ನು ಹೇಳುತ್ತದೆಯೋ ಪರೀಕ್ಷೆಯ ಮಿತಿಯನ್ನು ಹೇಳುತ್ತದೆಯೋ ಎಂಬುದು ಅವುಗಳಲ್ಲಿ ಒಂದು.

ರೈತರ ನಿರ್ಧಾರಗಳು ಇನ್ನೊಂದು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುನ್ನ ಕೈ ಬರಿದಾಗಿದ್ದಾಗಲೂ, ಹಣ ಬಂದ ಮೇಲೂ ಪರೀಕ್ಷಿಸಿದರು. ಅದೇ ರೈತ ಕಟಾವಿಗೆ ಮುನ್ನ ತರ್ಕದ ಪರೀಕ್ಷೆಗಳಲ್ಲಿ ಕಡಿಮೆ ಅಂಕ ಪಡೆದದ್ದರಿಂದ, ಹಣದ ಚಿಂತೆಯೇ ಗಮನಶಕ್ತಿಯನ್ನು ಕಬಳಿಸುತ್ತದೆ ಎಂದು ವಾದಿಸಿದರು. ಕೋಲಾರದ ಟೊಮೆಟೊ ಬೆಳೆಗೂ ಇಂಥ ಪರಿಶೀಲನೆ ಸಲ್ಲುತ್ತದೆ. 2023ರ ಜುಲೈನಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದ್ದ ಇದೇ ಜಿಲ್ಲೆಯಲ್ಲಿ, ಕೀಳುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿ ಸುರಿದ ಕಾಲಗಳೂ ಇವೆ. ಬೆಲೆ ಬಿದ್ದು ಕೈ ಸುಟ್ಟುಕೊಂಡವರೂ ಮತ್ತೆ ಟೊಮೆಟೊ ನಾಟಿ ಮಾಡುವುದನ್ನು ದುರಾಸೆ ಎಂದು ಮುಗಿಸಿಬಿಡುವುದು ಸುಲಭ. ಅಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ತೋರಿಸಿದಂತೆ, ಥಟ್ಟನೆ ನೆನಪಿಗೆ ಬರುವ ಘಟನೆಯನ್ನು ಜನ ಹೆಚ್ಚು ಸಂಭವನೀಯವೆಂದು ಭಾವಿಸುತ್ತಾರೆ. ನೆರೆಯವನಿಗೆ ಸಿಕ್ಕ ದಾಖಲೆ ಬೆಲೆ ಹಾಗೆ ನೆನಪಿನಲ್ಲಿ ನಿಲ್ಲಬಹುದು. ಆದರೆ ಸಾಲ ಕೊಟ್ಟ ಮಂಡಿಗೇ ಮಾಲು ಹಾಕಬೇಕಾದ ಒತ್ತಡ, ಕೊಳವೆ ಬಾವಿಯ ನೀರು, ಆಗಲೇ ಖರ್ಚು ಮಾಡಿದ ಕಡ್ಡಿ ದಾರಗಳೂ ಅದೇ ನಿರ್ಧಾರಕ್ಕೆ ಕಾರಣವಾಗಬಲ್ಲವು. ಇವುಗಳಲ್ಲಿ ಯಾವುದು ಎಷ್ಟು ಎಂಬುದನ್ನು ಬೇರ್ಪಡಿಸಲು ಮನೋವಿಜ್ಞಾನವೊಂದೇ ಸಾಲದು, ಅರ್ಥಶಾಸ್ತ್ರವೂ ಸಮಾಜಶಾಸ್ತ್ರವೂ ಬೇಕು. ಕಾಡಾನೆ ಇಳಿಯುವ ಗಡಿ ಹಳ್ಳಿಗಳಲ್ಲಿ ಅಪಾಯ ತಿಳಿದೂ ರಾತ್ರಿ ಹೊಲ ಕಾಯುವವರ ನಡೆಗೂ ಇದೇ ಮಾತು ಅನ್ವಯಿಸುತ್ತದೆ: ಅಷ್ಟೇ ಮೊತ್ತದ ಲಾಭ ಕೊಡುವ ಸಂತೋಷಕ್ಕಿಂತ ಕೈಗೆ ಬಂದದ್ದು ಹೋಗುವ ನೋವು ದೊಡ್ಡದೆಂದು ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತ ಅದರ ಒಂದು ಪಾಲನ್ನು ವಿವರಿಸಬಹುದು, ಪರಿಹಾರ ಎಷ್ಟು, ಯಾವಾಗ ಕೈ ಸೇರುತ್ತದೆ ಎಂಬುದು ಮತ್ತೊಂದು ಪಾಲನ್ನು.

ಇಷ್ಟೆಲ್ಲ ಆಕರ್ಷಣೆಯ ನಡುವೆ ಸಂಖ್ಯಾಶಾಸ್ತ್ರ ಇದ್ದೇ ಇರುತ್ತದೆ ಎಂಬುದನ್ನು ಪ್ರವೇಶಕ್ಕೆ ಮುಂಚೆಯೇ ತಿಳಿದಿರುವುದು ಒಳ್ಳೆಯದು. ಲೆಕ್ಕ ತಪ್ಪಿಸಿಕೊಳ್ಳಲೆಂದು ಕಲಾ ವಿಭಾಗಕ್ಕೆ ಬಂದವರಿಗೆ ಸರಾಸರಿ, ಸಹಸಂಬಂಧ, ಮಾದರಿ ಆಯ್ಕೆಗಳು ಮೊದಮೊದಲು ಕಷ್ಟವೆನಿಸಿದರೂ, ಅವಿಲ್ಲದೆ ಈ ಓದಿಗೆ ಬೆನ್ನೆಲುಬಿಲ್ಲ. ಮನೋವಿಜ್ಞಾನದ 100 ಅಧ್ಯಯನಗಳನ್ನು ಹಲವು ದೇಶಗಳ ಸಂಶೋಧಕರು ಕೂಡಿ ಮತ್ತೆ ನಡೆಸಿ 2015ರಲ್ಲಿ ವರದಿ ಮಾಡಿದಾಗ, ಸಂಖ್ಯಾಶಾಸ್ತ್ರದ ಒರೆಗೆ ನಿಂತ ಫಲಿತಾಂಶ ಮತ್ತೆ ಸಿಕ್ಕಿದ್ದು ಶೇಕಡ 36ರಷ್ಟರಲ್ಲಿ ಮಾತ್ರ. ಸಣ್ಣ ಮಾದರಿ, ಬೇಕಾದ ಫಲಿತಾಂಶವನ್ನಷ್ಟೇ ಪ್ರಕಟಿಸುವ ಚಾಳಿ ಇವು ಅದಕ್ಕೆ ಮುಖ್ಯ ಕಾರಣಗಳಲ್ಲಿ ಸೇರಿದ್ದವು. ಪಠ್ಯದಲ್ಲಿರುವುದನ್ನೂ ಪ್ರಶ್ನಿಸಬೇಕೆಂಬ ಪಾಠ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಪದವಿಯ ಸ್ವರೂಪದ ವಿಷಯಕ್ಕೆ ಬಂದರೆ, ರಾಜ್ಯದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ಕೈಬಿಟ್ಟು 2024–25ರಿಂದ ಮೂರು ವರ್ಷದ ಪದವಿಗೆ ಮರಳಲಾಗಿದೆ. ಬಂಗಾರಪೇಟೆ, ಕೆಜಿಎಫ್ ಭಾಗದ ಕಾಲೇಜುಗಳು ಕೋಲಾರದ ಟಮಕದಲ್ಲಿ ಕೇಂದ್ರವಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಎಲ್ಲ ಕಾಲೇಜುಗಳಲ್ಲೂ ಮನೋವಿಜ್ಞಾನ ಇರುವುದಿಲ್ಲವಾದ್ದರಿಂದ, ಯಾವ ವಿಷಯಗಳ ಜೋಡಣೆಯಿದೆ, ಪ್ರಯೋಗಾಲಯವಿದೆಯೇ, ಕ್ಷೇತ್ರಕಾರ್ಯ ಮಾಡಿಸುತ್ತಾರೆಯೇ ಎಂದು ವಿಚಾರಿಸಿಕೊಂಡೇ ಅರ್ಜಿ ಹಾಕಬೇಕು. ಮನೆಯಲ್ಲಿದ್ದು ದೂರಶಿಕ್ಷಣದಲ್ಲಿ ಮನೋವಿಜ್ಞಾನ ಓದುವ ಆಲೋಚನೆಯುಳ್ಳವರು, 2025ರ ಜುಲೈ–ಆಗಸ್ಟ್ ಪ್ರವೇಶಾವಧಿಯಿಂದ ಆ ವಿಷಯದ ದೂರ ಮತ್ತು ಆನ್‌ಲೈನ್ ಕೋರ್ಸುಗಳಿಗೆ ಯುಜಿಸಿ ತಡೆ ಹಾಕಿದೆ ಎಂಬುದನ್ನು ಗಮನಿಸಬೇಕು. ಬರೀ ಪದವಿಯಿಂದ ಯಾರೂ ಚಿಕಿತ್ಸಾ ಮನೋವಿಜ್ಞಾನಿಯಾಗಲಾರರು. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಉನ್ನತ ತರಬೇತಿ ಮತ್ತು ಪರಿಷತ್ತಿನಲ್ಲಿ ನೋಂದಣಿ ಎರಡೂ ಬೇಕು. ಔಷಧಿ ಬರೆಯುವ ಮನೋವೈದ್ಯರಾಗಲು ಎಂಬಿಬಿಎಸ್‌ನಿಂದಲೇ ಹೊರಡಬೇಕು. ಸಮಾಜಕಾರ್ಯ, ಶಾಲಾ ಆಪ್ತಸಲಹೆ, ಮಾನವ ಸಂಪನ್ಮೂಲ, ಮಾರುಕಟ್ಟೆ ಸಮೀಕ್ಷೆ, ಸರ್ಕಾರಿ ಯೋಜನೆಗಳ ಮೌಲ್ಯಮಾಪನ ಇವು ಸ್ನಾತಕೋತ್ತರ ಓದಿನ ನಂತರ ತೆರೆದುಕೊಳ್ಳುವ ಇತರ ದಾರಿಗಳು. ಇವುಗಳಲ್ಲಿ ಕೊನೆಯದಕ್ಕೆ ಸಂಬಂಧಿಸಿದಂತೆ, 2018–19ರ ಕೇಂದ್ರ ಆರ್ಥಿಕ ಸಮೀಕ್ಷೆ ಜನರ ನಡವಳಿಕೆಯ ಅರಿವನ್ನು ಆಡಳಿತದಲ್ಲಿ ಬಳಸುವ ಬಗೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿತ್ತು.

ಈ ದಾರಿಗಳೆಲ್ಲ ಉನ್ನತ ಓದಿನ ನಂತರ ತೆರೆದುಕೊಳ್ಳುವುದರಿಂದ, ಬೇಗ ಕೆಲಸ ಸಿಗಲೆಂದು ಈ ಪದವಿಯನ್ನು ಆರಿಸಿಕೊಂಡವರಿಗೆ ನಿರಾಸೆಯಾಗುವ ಸಂಭವವಿದೆ. ಮುಂದೆ ಇನ್ನೂ ಎರಡು ಮೂರು ವರ್ಷ ಓದುವ ಸಿದ್ಧತೆಯಿದ್ದವರಿಗೆ ಅದು ಗಟ್ಟಿ ಬುನಾದಿ. ಗಡಿನಾಡಿನ ವಿದ್ಯಾರ್ಥಿಗೆ ಇಲ್ಲೊಂದು ಅನುಕೂಲವೂ ಇದೆ. ಕಾಮಸಮುದ್ರದಲ್ಲಾಗಲಿ ಕೆಜಿಎಫ್‌ನ ಕಾಲೊನಿಗಳಲ್ಲಾಗಲಿ ಮನೆಯವರ ಮಾತಿನಲ್ಲಿಯೇ ಪ್ರಶ್ನೆ ಕೇಳಿ, ಉತ್ತರದ ಹಿಂದಿನ ಸಂಕೋಚವನ್ನೂ ಅರ್ಥ ಮಾಡಿಕೊಳ್ಳಬಲ್ಲ ಸಂಶೋಧಕರನ್ನು ದೂರದ ವಿಶ್ವವಿದ್ಯಾಲಯಗಳು ಸುಲಭವಾಗಿ ತಯಾರಿಸಲಾರವು. ಮಾರಿಯೆಂತಾಲ್‌ನ ತಂಡ ಕೇವಲ ನೋಡುಗರಾಗಿ ಊರಿಗೆ ಹೋಗಬಾರದೆಂದು ನಿಯಮ ಮಾಡಿಕೊಂಡು ಬಟ್ಟೆ ಹಂಚಿತು, ಹೊಲಿಗೆ ಕಲಿಸಿತು, ವೈದ್ಯರನ್ನು ಕರೆಸಿತು. ಅಂಥ ಶಿಸ್ತನ್ನೂ ಅಳತೆಯ ನಿಖರತೆಯನ್ನೂ ಒಟ್ಟಿಗೆ ಕಲಿತವರು ಈ ಸೀಮೆಯ ಕೂಲಿ, ಬೆಳೆ, ಕುಡಿತ, ಸಾಲಗಳ ಬಗೆಗೆ ಏನಾದರೂ ಹೇಳಿದಾಗ, ಅದು ‘ಇಲ್ಲಿಯ ಜನರೇ ಹೀಗೆ’ ಎಂಬ ಹಳೆಯ ತೀರ್ಪಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.