ಮಗುವಿನ ಬಾಕಿ

ಗಂಡಹೆಂಡಿರು ಬೇರೆಯಾದಾಗ ಮಕ್ಕಳ ಹೊಟ್ಟೆಬಟ್ಟೆಗೆಂದು ತಂದೆ ತಿಂಗಳು ತಿಂಗಳು ಕೊಡಬೇಕಾದ ಹಣಕ್ಕೆ ಕಾನೂನಿನ ಭಾಷೆಯಲ್ಲಿ ಜೀವನಾಂಶವೆಂದು ಹೆಸರು. ಜೀವನಾಂಶ ಕೊಡಿಸಿದ ತೀರ್ಪುಗಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ; ಅದನ್ನೋದಿ, ನ್ಯಾಯ ದೊರೆಯಿತೆಂದು ನಾವು ಸಮಾಧಾನಪಡುತ್ತೇವೆ. ಆದರೆ ತೀರ್ಪು ಬೇರೆ, ತುತ್ತು ಬೇರೆ. ತೀರ್ಪಿನ ಹಾಳೆ ತಾಯಿಯ ಕೈಗೆ ಬಂದ ಮೇಲೆ ಆ ಹಣ ಮಗುವಿನ ತಟ್ಟೆಯವರೆಗೆ ಬರುವುದು ಹೇಗೆ? ಬಾರದಿದ್ದರೆ ಅದನ್ನು ವಸೂಲು ಮಾಡುವವರು ಯಾರು? ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕಾನೂನು ಹೊಸದೇನಲ್ಲ. ನಮ್ಮಲ್ಲಿ ದಂಡ ಪ್ರಕ್ರಿಯಾ ಸಂಹಿತೆಯನ್ನು 1872ರಲ್ಲಿ ರೂಪಿಸಿದ ಸರ್ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್, ಈ ವಿಧಿಯು ಅಲೆಮಾರಿತನವನ್ನೂ ಅದರ ದುಷ್ಪರಿಣಾಮಗಳನ್ನೂ ತಡೆಯುವ ಉಪಾಯವೆಂದು ತಿಳಿದಿದ್ದ. ಎಂದರೆ, ಮಕ್ಕಳ ಮೇಲಿನ ಮರುಕಕ್ಕಿಂತ ಬೀದಿಯ ಶಾಂತಿಯ ಚಿಂತೆಯೇ ಅದರ ಬೇರಿನಲ್ಲಿತ್ತು. 1898ರ ಸಂಹಿತೆಯ 488ನೆಯ ಕಲಮಿನಲ್ಲಿ ತಿಂಗಳಿಗೆ ಐವತ್ತು ರೂಪಾಯಿಯೇ ಪರಮಾವಧಿ. 1955ರಲ್ಲಿ ಅದು ಐನೂರಾಯಿತು. 1973ರ ಸಂಹಿತೆಯ 125ನೆಯ ಕಲಮಿನಲ್ಲಿಯೂ ಐನೂರೇ ಉಳಿಯಿತು. ಆ ಐನೂರು ಇಡೀ ಸಂಸಾರಕ್ಕೆ ಸೇರಿದ್ದೋ, ತಲೆಗೊಂದರಂತೆಯೋ ಎಂಬ ಚರ್ಚೆ ಎದ್ದಾಗ, 1978ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ತಲೆಗೊಂದರಂತೆಯೇ ಎಂದು ಸ್ಪಷ್ಟಪಡಿಸಿದರು. 2001ರಲ್ಲಿ ಈ ಮಿತಿ ಪೂರ್ತಿ ರದ್ದಾಯಿತು. 2024ರ ಜುಲೈ 1ರಿಂದ ಈ ವಿಧಿಯು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿ ಬಾಳುತ್ತಿದೆ. ಮಗು ಯಾವ ಧರ್ಮದ್ದೆಂದಾಗಲಿ, ತಂದೆತಾಯಿಗಳ ಮದುವೆ ಆಗಿತ್ತೆ ಎಂದಾಗಲಿ ಇದು ಕೇಳುವುದಿಲ್ಲ. ಇದು ಅದರ ದೊಡ್ಡ ಗುಣ.

ವಿವರಣೆಗಾಗಿ ಗದಗ ಜಿಲ್ಲೆ ರೋಣ ತಾಲೂಕಿನ ಅಸೂಟಿಯಂಥ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳೋಣ. ರೋಣದ ಸೀಮೆ ಎರೆಮಣ್ಣಿನದು. ಬಿಳಿಜೋಳ, ಕಡಲೆ, ಕುಸುಬಿ ಬೆಳೆಯುವ ನಾಡು. ಮಳೆ ಕೈಕೊಟ್ಟರೆ ಜನ ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ಗುಳೆ ಹೋಗುತ್ತಾರೆ. ಅಲ್ಲಿಯ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ಇದು ಯಾರ ಮನೆಯ ಕಥೆಯೂ ಅಲ್ಲ. ಗಂಡ ಗೋವೆಗೆ ದುಡಿಯಲು ಹೋದವನು ಮೊದಮೊದಲು ಹಣ ಕಳಿಸಿದ, ಬರಬರುತ್ತ ನಿಲ್ಲಿಸಿದ, ಕೊನೆಗೆ ಬೇರೆ ಸಂಸಾರ ಹೂಡಿದ. ಇಬ್ಬರು ಮಕ್ಕಳು ಇವಳ ಕೊರಳಿಗೆ ಬಿದ್ದರು.

ಅವಳು ಗಂಡನನ್ನು ಹುಡುಕಿಕೊಂಡು ಗೋವೆಗೆ ಹೋಗಬೇಕಾಗಿಲ್ಲ. ತಾನು ವಾಸಿಸುವ ಸೀಮೆಯ ನ್ಯಾಯಾಲಯದಲ್ಲಿಯೇ ಅರ್ಜಿ ಕೊಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಹೆಂಗಸರಿಗೂ ಮಕ್ಕಳಿಗೂ, ಅವರ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಮೊಕದ್ದಮೆ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶ ಕೇಳಬಹುದು. ನೋಟೀಸು ಮುಟ್ಟಿದ ಅರುವತ್ತು ದಿನಗಳೊಳಗೆ ಆ ಕೋರಿಕೆಯನ್ನು ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕೆಂದು ಕಾನೂನೇ ಹೇಳುತ್ತದೆ. 2020ರ ನವೆಂಬರ್ 4ರಂದು ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡು ಪಕ್ಷದವರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ವಿಧಿಸಿತು. ಒಕ್ಕಲುತನದವರಿಗಾಗಿ ಬೇರೆಯೇ ನಮೂನೆಯನ್ನು ಸಿದ್ಧಪಡಿಸಿಕೊಟ್ಟಿತು. ಜೀವನಾಂಶವನ್ನು ಅರ್ಜಿ ಕೊಟ್ಟ ದಿನದಿಂದಲೇ ಲೆಕ್ಕ ಹಿಡಿಯಬೇಕೆಂದೂ ಹೇಳಿತು.

ಸರಿ, ಆದೇಶವಾಯಿತು ಎನ್ನೋಣ. ಮೊದಲ ತಿಂಗಳು ಹಣ ಬರಲಿಲ್ಲ, ಎರಡನೆಯ ತಿಂಗಳೂ ಬರಲಿಲ್ಲ. ಇನ್ನು ಮುಂದಿನದೇ ನನ್ನ ಮಾತಿನ ತಿರುಳು.

ಸಾಕಷ್ಟು ಕಾರಣವಿಲ್ಲದೆ ಹಣ ಕೊಡದವನ ಮೇಲೆ ಪ್ರತಿ ಸಲದ ತಪ್ಪಿಗೂ ನ್ಯಾಯಾಧೀಶರು ವಾರಂಟು ಹೊರಡಿಸಬಹುದು. ಈ ಬಾಕಿಯನ್ನು ದಂಡದ ಹಣದಂತೆ ವಸೂಲು ಮಾಡತಕ್ಕದ್ದೆಂದು ಕಾನೂನಿನ ಮಾತು. ದಂಡದ ಹಣವನ್ನು ವಸೂಲು ಮಾಡುವ ದಾರಿಗಳು ಹೊಸ ಸಂಹಿತೆಯ 461ನೆಯ ಕಲಮಿನಲ್ಲಿವೆ. ಒಂದು, ಚರಸ್ವತ್ತನ್ನು ಜಪ್ತಿ ಮಾಡಿ ಮಾರುವುದು. ಇನ್ನೊಂದು, ಜಿಲ್ಲಾಧಿಕಾರಿಗೆ ವಾರಂಟು ಕಳಿಸಿ, ಆ ಹಣವನ್ನು ಭೂಕಂದಾಯದ ಬಾಕಿಯೆಂದೇ ಭಾವಿಸಿ, ಹೊಲಮನೆಗಳ ಮೇಲಿನಿಂದಲೂ ವಸೂಲು ಮಾಡಿಸುವುದು. ಇದನ್ನು ಗಮನವಿಟ್ಟು ನೋಡಬೇಕು. ಸರ್ಕಾರ ತನ್ನ ಕಂದಾಯಕ್ಕೆ ಯಾವ ಕೈಗಳನ್ನು ಬಳಸುತ್ತದೆಯೋ, ಆ ಕೈಗಳನ್ನೇ ಮಗುವಿನ ಅನ್ನಕ್ಕೂ ಬಳಸಲು ಕಾನೂನು ಅನುಮತಿ ಕೊಟ್ಟಿದೆ.

ವಾರಂಟು ಜಾರಿಯಾದ ಮೇಲೂ ಉಳಿದ ಬಾಕಿಗೆ ಸೆರೆವಾಸ. ಒಂದೊಂದು ತಿಂಗಳ ಬಾಕಿಗೆ ಹೆಚ್ಚೆಂದರೆ ಒಂದು ತಿಂಗಳು, ಇಲ್ಲವೆ ಹಣ ಕೊಡುವವರೆಗೆ. ಸೆರೆಮನೆಗೆ ಹೋಗಿಬಂದರೆ ಸಾಲ ಹರಿಯಿತೆಂದು ತಿಳಿಯುವವರುಂಟು. ಅದು ತಪ್ಪು. ಕುಲದೀಪ್ ಕೌರ್ ಪ್ರಕರಣದಲ್ಲಿ 1989ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸೆರೆವಾಸವು ಹಣ ಕೊಡಿಸುವ ಉಪಾಯವೇ ಹೊರತು ಹಣಕ್ಕೆ ಬದಲಲ್ಲವೆಂದು ತೀರ್ಪಿತ್ತಿತು. ಸಂಬಳಗಾರನಾದರೆ ಮತ್ತೊಂದು ದಾರಿಯುಂಟು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಂತೆ, ಜೀವನಾಂಶದ ಡಿಕ್ರಿಯಲ್ಲಿ ಸಂಬಳದ ಮೂರನೆಯ ಒಂದು ಪಾಲಿಗೆ ಮಾತ್ರ ರಕ್ಷಣೆ. ಉಳಿದೆರಡು ಪಾಲನ್ನು ಜಪ್ತಿ ಮಾಡಬಹುದು. ಸಾಮಾನ್ಯ ಸಾಲಗಾರನಿಗೆ ಸಿಗುವ ರಕ್ಷಣೆ ಇದಕ್ಕಿಂತ ಹೆಚ್ಚು. ಮಗುವಿನ ಸಾಲವನ್ನು ಕಾನೂನು ಸಾಹುಕಾರನ ಸಾಲಕ್ಕಿಂತ ಮೇಲೆ ಇರಿಸಿದೆ.

ಇಷ್ಟೆಲ್ಲ ಇದ್ದೂ ಬಾಕಿ ಬಾಕಿಯಾಗಿಯೇ ಉಳಿಯುವುದೇಕೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ನೆನಪಾಗುತ್ತದೆ. ಮೊದಲನೆಯದಾಗಿ, ಈ ಯಂತ್ರ ತಾನಾಗಿ ತಿರುಗುವುದಿಲ್ಲ. ತಪ್ಪಿದ ಬಾಕಿಗೆಲ್ಲ ತಾಯಿಯೇ ಮತ್ತೆ ಅರ್ಜಿ ಹಿಡಿದು ಬರಬೇಕು. ಹಾಗೆ ಬರುವ ದಿನ ಅವಳ ಕೂಲಿ ತಪ್ಪುತ್ತದೆ, ಬಸ್ಸಿನ ಖರ್ಚು ಬೀಳುತ್ತದೆ. ಎರಡನೆಯದಾಗಿ, ವಾರಂಟು ಎಲ್ಲಿಗೆ ಬೇಕಾದರೂ ಹೋಗಬಹುದು. ಆಸಾಮಿ ಇರುವ ಸ್ಥಳದ ನ್ಯಾಯಾಧೀಶರು ಅದನ್ನು ಜಾರಿ ಮಾಡಬಹುದು. ಆದರೆ ಕಟ್ಟಡದಿಂದ ಕಟ್ಟಡಕ್ಕೆ ಕೆಲಸ ಬದಲಿಸುವವನ ವಿಳಾಸ ಯಾವುದು? ‘ಆಸಾಮಿ ಸಿಗಲಿಲ್ಲ’ ಎಂಬ ಷರಾ ಹೊತ್ತು ಹಿಂದಿರುಗಿದ ಕಾಗದಗಳನ್ನು ನಾನು ಕಂಡಿದ್ದೇನೆ. ಮೂರನೆಯದಾಗಿ, ಹೊಲವಿದ್ದರೂ ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇರುತ್ತದೆ. ಪಾಲಾಗದ ಆಸ್ತಿಯಲ್ಲಿ ಇವನ ಅಂಶವೆಷ್ಟೆಂದು ಗುರುತಿಸುವುದೇ ಒಂದು ಬೇರೆ ವ್ಯಾಜ್ಯವಾಗುತ್ತದೆ. ಇವುಗಳಿಂದಾಗಿ, ಕಾನೂನು ಮೊದಲು ಹೇಳಿದ ಜಪ್ತಿ ಹಿಂದೆ ಬಿದ್ದು, ಕೊನೆಗೆ ಹೇಳಿದ ಸೆರೆವಾಸದ ಬೆದರಿಕೆಯೇ ಮುಂದಾಗುತ್ತದೆ. ಕೂಲಿಯವನು ಸೆರೆಯಲ್ಲಿ ಕುಳಿತರೆ ಆ ತಿಂಗಳ ಕೂಲಿಯೂ ಹೋಯಿತು, ಮಗುವಿಗೆ ಬಂದದ್ದೇನು?

ಇದರೊಂದಿಗೆ ಕಾಲದ ಕಂಟಕವೂ ಉಂಟು. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಈ ದಾರಿಯಲ್ಲಿ ವಾರಂಟು ಸಿಗುವುದಿಲ್ಲ. ಇಂದು ಕಳಿಸಿಯಾನು, ನಾಳೆ ಕಳಿಸಿಯಾನು ಎಂದು ಕಾಯುವ ತಾಯಂದಿರಿಗೆ ಈ ಗಡುವು ತಿಳಿದಿರುವುದಿಲ್ಲ. 2013ರ ಪೂಂಗೋಡಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಗಡುವು ದಾಟಿದರೂ ಹಕ್ಕು ಸಾಯುವುದಿಲ್ಲ, ಸಿವಿಲ್ ದಾರಿ ತೆರೆದೇ ಇರುತ್ತದೆ ಎಂದು ಹೇಳಿದೆ. ಆದರೂ ಹತ್ತಿರದ ದಾರಿ ಮುಚ್ಚಿದ ಮೇಲೆ ದೂರದ ದಾರಿ ಹಿಡಿಯಲು ಎಷ್ಟು ಜನರಿಗೆ ತ್ರಾಣವಿದ್ದೀತು?

ತಂದೆಯ ಪಕ್ಷದ ಮಾತನ್ನೂ ಹೇಳಬೇಕು. ನಿಜವಾಗಿ ಕೆಲಸ ಕಳೆದುಕೊಂಡವನು, ಕಾಯಿಲೆ ಬಿದ್ದವನು, ನ್ಯಾಯಾಲಯಕ್ಕೆ ಹೋಗಿ ಮೊತ್ತ ಇಳಿಸಿರೆಂದು ಕೇಳಬಹುದು. ಸಂಹಿತೆಯ 146ನೆಯ ಕಲಮು ಇರುವುದು ಅದಕ್ಕಾಗಿಯೇ. ತಾಯಿಯೂ, ಬೆಲೆಗಳು ಏರಿದರೆ, ಅದೇ ಕಲಮಿನಡಿ ಹೆಚ್ಚಿಸಿರೆಂದು ಕೇಳಬಹುದು. ಕೊಡಲಾರದವನಿಗೂ ಕೊಡಲೊಲ್ಲದವನಿಗೂ ಕಾನೂನು ಭೇದ ಮಾಡುತ್ತದೆ. ತಲೆಮರೆಸಿಕೊಂಡವನು ಆ ಭೇದದ ಲಾಭವನ್ನು ತಾನೇ ಕಳೆದುಕೊಳ್ಳುತ್ತಾನೆ.

ಬೇರೆ ದೇಶಗಳು ಏನು ಮಾಡಿವೆ? ಅಮೆರಿಕೆಯಲ್ಲಿ 1975ರ ಕಾನೂನಿನಿಂದ ವಸೂಲಿಯ ಹೊಣೆಯನ್ನು ಸರ್ಕಾರಿ ಕಚೇರಿಗಳು ಹೊತ್ತವು. ಮುಂದೆ ಸಂಬಳದಲ್ಲಿಯೇ ಹಣ ಮುರಿದುಕೊಳ್ಳುವ ಪದ್ಧತಿ ರೂಢವಾಯಿತು. ಆಸ್ಟ್ರೇಲಿಯ 1988ರಲ್ಲಿ ಈ ಕೆಲಸವನ್ನು ತೆರಿಗೆ ಇಲಾಖೆಗೇ ಒಪ್ಪಿಸಿತು. ಜರ್ಮನಿಯಲ್ಲಿ 1980ರಿಂದ, ತಂದೆ ಕೊಡದಿದ್ದರೆ ಸರ್ಕಾರವೇ ಮುಂಗಡ ಕೊಟ್ಟು, ಆಮೇಲೆ ಅವನಿಂದ ವಸೂಲು ಮಾಡಲೆತ್ನಿಸುತ್ತದೆ. ಅಲ್ಲಿ ಕಾಯುವವರು ಅಧಿಕಾರಿಗಳೇ ಹೊರತು ಮಗುವಲ್ಲ. ಕಚೇರಿಯೊಂದನ್ನು ತೆರೆದರೆ ಎಲ್ಲವೂ ಸರಿಹೋಗುವುದೆಂದು ಭ್ರಮಿಸಬೇಕಾಗಿಲ್ಲ. ಬ್ರಿಟನ್ 1993ರಲ್ಲಿ ತೆರೆದ ಸಂಸ್ಥೆ ಲೆಕ್ಕದ ತೊಡಕಿನಲ್ಲಿಯೂ ಬಾಕಿಯ ರಾಶಿಯಲ್ಲಿಯೂ ಸಿಲುಕಿ ಟೀಕೆಗೆ ಗುರಿಯಾಯಿತು; 2012ರಿಂದ ಅದರ ಸ್ಥಾನಕ್ಕೆ ಬೇರೆ ವ್ಯವಸ್ಥೆ ತರಬೇಕಾಯಿತು.

ನಮಗೆ ಅಷ್ಟು ದೂರ ಹೋಗುವ ಮೊದಲು, ಕೈಯಲ್ಲಿರುವುದನ್ನು ಬಳಸುವ ಬಗ್ಗೆ ಯೋಚಿಸಬಹುದು. ಹೊಸ ಕಾನೂನು ಮಾಡದೆಯೇ ಆಗಬಹುದಾದ ಕೆಲಸಗಳಿವೆ. ಜೀವನಾಂಶದ ಆದೇಶ ಕೊಡುವಾಗಲೇ ತಂದೆಯ ಹೊಲದ ಉತಾರವನ್ನೂ ಬ್ಯಾಂಕಿನ ಖಾತೆಯ ವಿವರವನ್ನೂ ದಾಖಲೆಗೆ ಸೇರಿಸಿಕೊಳ್ಳಬಹುದು. ಬಾಕಿ ಬಿದ್ದಾಗ, ಸೆರೆಮನೆಯ ಮಾತೆತ್ತುವ ಮೊದಲು, ಜಿಲ್ಲಾಧಿಕಾರಿಗೆ ವಾರಂಟು ಹೋಗಬಹುದು. ತಾಲೂಕಿನ ಕಚೇರಿಯಲ್ಲಿ ಕಂದಾಯದ ಬಾಕಿಯ ಪುಸ್ತಕದ ಪಕ್ಕದಲ್ಲಿ ಮಕ್ಕಳ ಬಾಕಿಗೂ ಒಂದು ಪುಸ್ತಕ ಇರಬಹುದು. ಉಚಿತ ಕಾನೂನು ನೆರವಿನ ವಕೀಲರು ಆದೇಶ ಬಂದ ದಿನವೇ ಕಡತ ಕಟ್ಟಿಡದೆ, ವಸೂಲಿಯವರೆಗೂ ಜೊತೆಗಿರಬಹುದು.

ಅಸೂಟಿಯಂಥ ಊರಿನಲ್ಲಿ ನೀರಿನ ಕರವೋ ಮನೆಯ ಪಟ್ಟಿಯೋ ಬಾಕಿ ಉಳಿದರೆ ಕೇಳಲು ಒಬ್ಬರು ಮನೆಬಾಗಿಲಿಗೆ ಬರುತ್ತಾರೆ. ಮಗುವಿನ ಬಾಕಿಯನ್ನು ಕೇಳಲು ಇಂದು ತಾಯಿಯೊಬ್ಬಳೇ ಹೋಗಬೇಕಾಗಿದೆ. ಓದುಬರಹ ಬಲ್ಲವರು ನೆರೆಹೊರೆಯ ಅಂಥವಳೊಬ್ಬಳಿಗೆ ಆ ಒಂದು ವರ್ಷದ ಗಡುವನ್ನು ತಿಳಿಸಿ, ಅರ್ಜಿ ಬರೆದುಕೊಟ್ಟರೆ, ಸರ್ಕಾರ ಎಚ್ಚರಗೊಳ್ಳುವ ತನಕ ಅಷ್ಟಾದರೂ ಆದೀತು.